ಕಾಕ್ಲಿಯರ್ ಇಂಪ್ಲಾಂಟ್ ಆದ ಮಗಳು ಕಾಲೇಜಿಗೆ: ಯಾವ ಸ್ಕಾಲರ್‌ಶಿಪ್ ಸಿಗುತ್ತದೆ, ಯಾವುದು ಸಿಗುವುದಿಲ್ಲ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳಿಗೆ ಮೂರು ವರ್ಷವಿದ್ದಾಗ ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯಲ್ಲಿ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕೇಳುವ ಸಾಧನ) ಮಾಡಿಸಿದ್ದೇವೆ. ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಂ. ಈಗ ಪ್ಲಸ್ ಟು ಕಾಮರ್ಸ್. ಮಾತು ಚೆನ್ನಾಗಿದೆ, ಮಾರ್ಕೂ ಪರವಾಗಿಲ್ಲ. ಬಿ.ಕಾಂ ಅಥವಾ ಬಿಸಿಎ ಮಾಡಬೇಕೆಂದಿದ್ದಾಳೆ. ಮಂಗಳೂರಿನ ಕಾಲೇಜಿಗೆ ಹೋಗುವ ಆಸೆ ಅವಳಿಗೆ. ನಮಗೆ ಸ್ವಲ್ಪ ಅಡಿಕೆ ತೋಟ ಇದೆ, ಯಜಮಾನರು ಬೇರೆಯವರ ತೋಟದ ಕೆಲಸಕ್ಕೂ ಹೋಗುತ್ತಾರೆ. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಇಂಪ್ಲಾಂಟ್ ಕಂಪನಿಗಳೇ ಡಾಲರಿನಲ್ಲಿ ಸ್ಕಾಲರ್‌ಶಿಪ್ ಕೊಡುತ್ತವೆ ಅಂತ ಬರುತ್ತದೆ. ಅದು ನಮಗೆ ಸಿಗುತ್ತದಾ? ಇನ್ನೊಂದು, ನೆಂಟರು "ಈಗ ಕೇಳ್ತದಲ್ಲ, ಅಂಗವಿಕಲೆ ಅಂತ ಯಾಕೆ ಬರೆಸುವುದು, ಮದುವೆಗೆ ತೊಂದರೆ" ಎನ್ನುತ್ತಾರೆ. ಏನು ಮಾಡುವುದು?

ಉತ್ತರ:

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಮ್ಮ ದೇಶದಲ್ಲಿ ಸರಕಾರ ಕೊಡುವ ಯಾವ ದೊಡ್ಡ ಸ್ಕಾಲರ್‌ಶಿಪ್ಪೂ ಕಾಕ್ಲಿಯರ್ ಇಂಪ್ಲಾಂಟ್ ಆದವರಿಗೆ ಅಂತ ಪ್ರತ್ಯೇಕವಾಗಿಲ್ಲ. ಇರುವುದು ಶ್ರವಣದೋಷ ಇರುವವರಿಗೆ. ಅದೂ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಇರಬೇಕು. ಹಾಗಾಗಿ ನೆಂಟರ ಮಾತು ಕೇಳಿ ಆ ಕಾಗದವನ್ನು ಬಿಟ್ಟರೆ, ಫೀಸಿನ ರಿಯಾಯಿತಿ, ಸೀಟಿನ ಮೀಸಲಾತಿ, ಮುಂದೆ ಕೆಲಸದ ಮೀಸಲಾತಿ, ಎಲ್ಲವನ್ನೂ ಬಿಟ್ಟ ಹಾಗೆ.

"ಈಗ ಕೇಳ್ತದಲ್ಲ" ಎನ್ನುವವರಿಗೆ ಒಂದು ಮಾತು. ಪ್ರಮಾಣಪತ್ರಕ್ಕೆ ಅಳೆಯುವುದು ಮಷಿನ್ ತೆಗೆದಿಟ್ಟ ಕಿವಿಯನ್ನು. ರಾತ್ರಿ ಮಲಗುವಾಗ ಮಗಳು ಪ್ರೊಸೆಸರ್, ಅಂದರೆ ಇಂಪ್ಲಾಂಟಿನ ಹೊರಗೆ ಹಾಕುವ ಭಾಗ, ಬಿಚ್ಚಿ ಡಬ್ಬಿಯಲ್ಲಿ ಇಟ್ಟ ಮೇಲೆ, ತುಲಾ ತಿಂಗಳ ಗುಡುಗು ಮಾಡಿನ ಮೇಲೆಯೇ ಬಿದ್ದ ಹಾಗೆ ಬಂದರೂ ಅವಳಿಗೆ ಎಚ್ಚರವಾಗುವುದಿಲ್ಲ ಅಲ್ವಾ? ಅದು ಅವಳ ಶ್ರವಣಶಕ್ತಿ. ಬೆಳಿಗ್ಗೆ ಎದ್ದು ಹಾಕಿಕೊಂಡ ಮೇಲೆ ಕೇಳುವುದು ಮಷಿನ್ನಿನ ಕೆಲಸ, ಮತ್ತೆ ನೀವು ವರ್ಷಗಟ್ಟಲೆ ಥೆರಪಿಗೆ ಓಡಾಡಿದ್ದರ ಫಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವುದು ಡೆಸಿಬಲ್ ಲೆಕ್ಕ: ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡುತನ, 60ರಿಂದ 70 ಇದ್ದರೆ ಮಂದ ಶ್ರವಣ. ಚಿಕ್ಕಂದಿನಲ್ಲಿ ಇಂಪ್ಲಾಂಟ್ ಮಾಡಿಸುವ ಮಟ್ಟಕ್ಕೆ ಹೋದ ಮಕ್ಕಳು ಸಾಮಾನ್ಯವಾಗಿ ಈ ಗೆರೆಯನ್ನು ಎಷ್ಟೋ ದಾಟಿರುತ್ತಾರೆ. ಮಾತು ಸ್ಪಷ್ಟವಾಗಿದೆ ಎಂಬ ಕಾರಣಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ ಅಂತ ಯಾರಾದರೂ ಹೇಳಿದರೆ ಅದಕ್ಕೆ ಆಧಾರ ಕೇಳಿ. ಮೆಲ್ಲನೆಯೇ ಕೇಳಿ, ಆದರೆ ಕೇಳದೆ ಎದ್ದು ಬರಬೇಡಿ. ಮದುವೆಯ ಮಾತಿಗೆ ನಾನು ಇಷ್ಟೇ ಹೇಳುವುದು: ಕಿವಿಯ ಮೇಲಿನ ಪ್ರೊಸೆಸರ್ ಹೇಗೂ ಕಾಣುತ್ತದೆ. ಕಾಗದ ಅಡಗಿಸಿಟ್ಟು ಪ್ರಯೋಜನವಿಲ್ಲ.

ಈಗ ಕೈಯಲ್ಲಿರುವ ಪ್ರಮಾಣಪತ್ರ ತೆಗೆದು ನೋಡಿ. ಸಣ್ಣ ಮಕ್ಕಳಿಗೆ ಕೊಡುವುದು ಎಷ್ಟೋ ಸಲ ತಾತ್ಕಾಲಿಕ ಪ್ರಮಾಣಪತ್ರ. ಅದರಲ್ಲಿ ಅವಧಿ ಬರೆದಿರುತ್ತದೆ. ಮುಗಿದಿದ್ದರೆ ಮತ್ತೆ ಮೆಡಿಕಲ್ ಬೋರ್ಡಿಗೆ ಹೋಗಬೇಕು. ಹಳೆಯ ಕಾಲದ ಪುಸ್ತಕದಂತಹ ಕಾರ್ಡ್ ಇದ್ದರೆ ಅದೂ ಸಾಕಾಗುವುದಿಲ್ಲ. ಈಗ ಎಲ್ಲ ಕಡೆ ಕೇಳುವುದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಕೇಂದ್ರ ಸರಕಾರ ಕೊಡುವ ಗುರುತಿನ ಕಾರ್ಡ್. ಅದಕ್ಕೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕುವುದು. ಆನ್‌ಲೈನ್ ಅರ್ಜಿ ಹಾಕಿಕೊಡುವ ನಮ್ಮ ಅಕ್ಷಯ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಅರ್ಜಿಯಲ್ಲಿ ವಿಳಾಸ ಕಾಸರಗೋಡು ಜಿಲ್ಲೆಯದ್ದೇ ಇರಲಿ. ನಮ್ಮ ಕಡೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರು, ಅದು ಗೊತ್ತಿದ್ದದ್ದೇ. ಅಲ್ಲಿ ಮಾಡಿಸಿದ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ), ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟಿನ ಸೀರಿಯಲ್ ನಂಬರ್ ಇರುವ ಕಾರ್ಡ್, ಎಲ್ಲವನ್ನೂ ಜತೆಗೆ ಒಯ್ಯಿರಿ. ಆದರೆ ಪ್ರಮಾಣಪತ್ರ ನಿಮ್ಮ ವಿಳಾಸದ ಜಿಲ್ಲೆಯದ್ದಾಗಿರುವುದು ಒಳ್ಳೆಯದು. ಪರಿಶೀಲನೆ ಮಾಡುವವರಿಗೆ ಗೊಂದಲ ಇರುವುದಿಲ್ಲ.

ಇನ್ನು ಡಾಲರಿನ ವಿಷಯ. ನೀವು ನೋಡಿದ್ದು ಹೆಚ್ಚಾಗಿ ಗ್ರೇಮ್ ಕ್ಲಾರ್ಕ್ ಸ್ಕಾಲರ್‌ಶಿಪ್ ಇರಬೇಕು. ಗ್ರೇಮ್ ಕ್ಲಾರ್ಕ್ ಆಸ್ಟ್ರೇಲಿಯಾದ ಪ್ರೊಫೆಸರ್. 1978ರಲ್ಲಿ ಮೆಲ್ಬರ್ನ್‌ನಲ್ಲಿ ಹಲವು ಚಾನೆಲ್ಲಿನ ಇಂಪ್ಲಾಂಟನ್ನು ಮೊದಲು ಹಾಕಿದ್ದು ಅವರ ತಂಡ. ಅವರ ಹೆಸರಲ್ಲಿ ಕಾಕ್ಲಿಯರ್ ಕಂಪನಿ ತನ್ನ ಇಂಪ್ಲಾಂಟ್ ಹಾಕಿಸಿಕೊಂಡ ಕಾಲೇಜು ವಿದ್ಯಾರ್ಥಿಗಳಿಗೆ ಹಣ ಕೊಡುತ್ತದೆ. ಅಮೆರಿಕದಲ್ಲಿ ಎಜಿ ಬೆಲ್ ಸಂಸ್ಥೆಯೂ ಕಾಲೇಜು ಸ್ಕಾಲರ್‌ಶಿಪ್ ಕೊಡುತ್ತಾ ಬಂದಿದೆ. ಆದರೆ ಇವಕ್ಕೆಲ್ಲ ಮೊದಲ ಶರತ್ತು ಎಲ್ಲಿಯ ವಿದ್ಯಾರ್ಥಿ, ಯಾವ ಕಂಪನಿಯ ಇಂಪ್ಲಾಂಟ್ ಅಂತ. ಡಾಲರಿನಲ್ಲಿ ಮೊತ್ತ ಬರೆದ ಪುಟ ಹೆಚ್ಚಾಗಿ ಹೊರದೇಶದ ಮಕ್ಕಳಿಗೆ ಬರೆದದ್ದು. ಮಗಳ ಇಂಪ್ಲಾಂಟ್ ಯಾವ ಕಂಪನಿಯದ್ದೋ ಆ ಕಂಪನಿಯ ಭಾರತದ ಕಚೇರಿಗೆ ಒಂದು ಇಮೇಲ್ ಹಾಕಿ, ಇಲ್ಲಿನವರಿಗೆ ಏನಾದರೂ ಉಂಟಾ ಕೇಳಿ. ಖರ್ಚಿಲ್ಲದ ಕೆಲಸ. ಆದರೆ ಅದನ್ನೇ ನಂಬಿ ಕೂರುವುದು ಬೇಡ. ಇನ್ನು "ಸ್ಕಾಲರ್‌ಶಿಪ್ ಗ್ಯಾರಂಟಿ, ಪ್ರೊಸೆಸಿಂಗ್ ಫೀ ಇಷ್ಟು ಕಟ್ಟಿ" ಅಂತ ವಾಟ್ಸಾಪಿನಲ್ಲಿ ಬಂದರೆ ಸುಮ್ನೆ ಡಿಲೀಟ್ ಮಾಡಿ. ಸರಕಾರದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಶುಲ್ಕ ಇಲ್ಲ. ಅಕ್ಷಯದವರು ತಮ್ಮ ಸೇವೆಗೆ ತೆಗೆದುಕೊಳ್ಳುವುದು ಬೇರೆ.

ನಿಮಗೆ ನಿಜವಾಗಿ ಸಿಗಬಹುದಾದದ್ದು ಕೇಂದ್ರ ಸರಕಾರದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ವಿಕಲಚೇತನರ ಸಬಲೀಕರಣ ಇಲಾಖೆಯದ್ದು. 11ನೇ ತರಗತಿಯಿಂದ ಪಿಜಿ ತನಕ ಓದುವವರಿಗೆ. ಅಂದರೆ ಮಗಳಿಗೆ ಈಗಲೇ, ಪ್ಲಸ್ ಟುವಿನಲ್ಲೇ ಅರ್ಹತೆ ಇದೆ. ನಿಮ್ಮ ಪತ್ರದಲ್ಲಿ ಆ ಬಗ್ಗೆ ಏನೂ ಇಲ್ಲ, ಹಾಗಾಗಿ ಹಾಕಿಲ್ಲ ಅಂತ ತಿಳಿಯುತ್ತೇನೆ. ಈ ವರ್ಷದ ಅರ್ಜಿ ಇನ್ನೂ ತೆರೆದಿದ್ದರೆ ಇವತ್ತೇ ಹಾಕಿ. ತಂದೆ ತಾಯಿಯ ವರ್ಷದ ಆದಾಯ ಎರಡೂವರೆ ಲಕ್ಷ ದಾಟಬಾರದು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳ ತನಕ ಕೊಡುತ್ತಾರೆ. ತಿಂಗಳ ಖರ್ಚಿಗೆ, ಪುಸ್ತಕಕ್ಕೆ ಒಂದಿಷ್ಟು ಬರುತ್ತದೆ. ಕಟ್ಟಿದ ಟ್ಯೂಷನ್ ಫೀಸನ್ನು ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ಹಿಂದಕ್ಕೆ ಕೊಡುತ್ತಾರೆ. ಸ್ಥಾನಗಳಿಗೆ ಮಿತಿ ಇದೆ, ಹಾಕಿದವರಿಗೆಲ್ಲ ಬರುತ್ತದೆ ಅಂತಿಲ್ಲ. ಸಿಕ್ಕಿದರೂ ಹಣ ಬರುವುದು ತಡವಾಗಿ. ಜೂನಿನ ಫೀಸಿಗೆ ಇದನ್ನು ನಂಬಬೇಡಿ. ಮೊದಲ ಕಂತು ಕೈಯಿಂದ ಕಟ್ಟಬೇಕು ಅಂತಲೇ ಲೆಕ್ಕ ಹಾಕಿ.

ಎರಡನೆಯದು ಎಐಸಿಟಿಇಯ, ಅಂದರೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಅಖಿಲ ಭಾರತ ಮಂಡಳಿಯ, ಸಕ್ಷಮ್ ಸ್ಕಾಲರ್‌ಶಿಪ್. ವರ್ಷಕ್ಕೆ 50,000 ರೂಪಾಯಿ, ಕೋರ್ಸ್ ಮುಗಿಯುವ ತನಕ. ಆದಾಯ ಮಿತಿ 8 ಲಕ್ಷ, ಹಾಗಾಗಿ ಎರಡೂವರೆ ಲಕ್ಷದ ಗೆರೆ ಸ್ವಲ್ಪ ದಾಟಿದವರಿಗೂ ಬಾಗಿಲು ಮುಚ್ಚಿಲ್ಲ. ಆದರೆ ಇದು ಎಐಸಿಟಿಇ ಅನುಮೋದನೆ ಇರುವ ಕಾಲೇಜಿನ ತಾಂತ್ರಿಕ ಡಿಗ್ರಿ, ಡಿಪ್ಲೊಮಾಗಳಿಗೆ. ಬಿ.ಕಾಂಗೆ ಇಲ್ಲ. ಮಗಳ ಎರಡು ಆಯ್ಕೆಗಳ ನಡುವೆ ಇಲ್ಲಿ ವ್ಯತ್ಯಾಸ ಬರಬಹುದು. 2024-25ರಿಂದ ಬಿಸಿಎ, ಬಿಬಿಎ ಕೋರ್ಸುಗಳು ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಸೇರಬೇಕೆಂದಿರುವ ಕಾಲೇಜು ಅನುಮೋದನೆ ಪಡೆದಿದೆಯಾ, ಆ ಕೋರ್ಸು ಸಕ್ಷಮ್‌ಗೆ ಸೇರುತ್ತದಾ, ಎರಡನ್ನೂ ಆಫೀಸಿನಲ್ಲಿ ಕೇಳಿಯೇ ಅಡ್ಮಿಷನ್ ಮಾಡಿ. ಹಾಗಂತ ಐವತ್ತು ಸಾವಿರಕ್ಕೋಸ್ಕರ ಲೆಕ್ಕಪತ್ರದಲ್ಲಿ ಆಸಕ್ತಿ ಇರುವ ಹುಡುಗಿಯನ್ನು ಕಂಪ್ಯೂಟರಿನ ಎದುರು ಕೂರಿಸಬೇಡಿ. ಅವಳಿಗೆ ಎರಡೂ ಒಂದೇ ಎನಿಸಿದರೆ ಮಾತ್ರ ಈ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಓದುವವರಿಗೆ, ಪೊವ್ವಲಿನ ಎಲ್‌ಬಿಎಸ್ ಕಾಲೇಜಿಗೆ ಸೇರುವ ಮಕ್ಕಳಿಗೆಲ್ಲ ಸಕ್ಷಮ್ ನೇರ ದಾರಿ. ಐಐಟಿ, ಎನ್‌ಐಟಿ ಮಟ್ಟಕ್ಕೆ ಹೋಗುವವರಿಗೆ ಟಾಪ್ ಕ್ಲಾಸ್ ಎಂಬ ಇನ್ನೊಂದು ಕೇಂದ್ರ ಯೋಜನೆ ಇದೆ. ಅದು ಬೇರೆ ಕಥೆ.

ಒಂದು ಎಚ್ಚರ. ಒಬ್ಬರಿಗೆ ಒಮ್ಮೆಗೆ ಒಂದೇ ಸ್ಕಾಲರ್‌ಶಿಪ್ ಎಂಬುದು ಈ ಯೋಜನೆಗಳ ಸಾಮಾನ್ಯ ಶರತ್ತು. ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರಾಗಿದ್ದು ಇ-ಗ್ರಾಂಟ್ಸ್ ಎಂಬ ಕೇರಳದ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಹಣ ಬರುತ್ತಿದ್ದರೆ, ಯಾವುದು ಲಾಭ ಅಂತ ಕೂತು ಲೆಕ್ಕ ಹಾಕಿ ಒಂದನ್ನು ಆರಿಸಿ. ಎರಡೂ ಹಾಕಿ ಎರಡೂ ತೆಗೆದುಕೊಂಡರೆ ಮುಂದೆ ವಾಪಸ್ ಕಟ್ಟಿ ಅಂತ ನೋಟಿಸ್ ಬರಬಹುದು.

ಕೇರಳ ಸರಕಾರದ್ದು ಸುನೀತಿ ಪೋರ್ಟಲಿನಲ್ಲಿ ಇದೆ, ಸಾಮಾಜಿಕ ನ್ಯಾಯ ಇಲಾಖೆಯದ್ದು. ಇಲ್ಲಿ ಹೆಸರುಗಳಲ್ಲೇ ಜನ ಮುಗ್ಗರಿಸುತ್ತಾರೆ. ವಿದ್ಯಾಕಿರಣಂ ಅಂತ ಒಂದಿದೆ. ಅಂಗವೈಕಲ್ಯ ಇರುವ ತಂದೆ ತಾಯಿಯ ಮಕ್ಕಳಿಗೆ ಅದು. ನಿಮ್ಮ ಮನೆಯಲ್ಲಿ ವೈಕಲ್ಯ ಇರುವುದು ಮಗಳಿಗೆ, ಹಾಗಾಗಿ ನಿಮಗೆ ಅನ್ವಯಿಸುವುದಿಲ್ಲ. ನಿಮ್ಮದು ವಿದ್ಯಾಜ್ಯೋತಿ. 9ನೇ ತರಗತಿಯಿಂದ ಮೇಲೆ ಓದುವ ವಿಕಲಚೇತನ ವಿದ್ಯಾರ್ಥಿಗಳಿಗೆ ಯೂನಿಫಾರ್ಮು, ಕಲಿಕಾ ಸಾಮಗ್ರಿಗೆ ಸಹಾಯ. ಮೊತ್ತ ದೊಡ್ಡದಲ್ಲ. ಇನ್ನೊಂದು ವಿಜಯಾಮೃತಂ. ಡಿಗ್ರಿ, ಪಿಜಿಯಲ್ಲಿ ಒಳ್ಳೆ ಮಾರ್ಕು ತೆಗೆದು ಪಾಸಾದ ವಿಕಲಚೇತನರಿಗೆ ನಗದು ಬಹುಮಾನ. ಅದು ಕಡೇ ವರ್ಷದ ಮಾತು, ಈಗ ನೆನಪಿಟ್ಟುಕೊಂಡರೆ ಸಾಕು. ನಿರಾಮಯ ಆರೋಗ್ಯ ವಿಮೆ ಮಾಡಿಸಿ ಅಂತಲೂ ಯಾರಾದರೂ ಹೇಳಿಯಾರು. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ. ಶ್ರವಣದೋಷ ಮಾತ್ರ ಇರುವವರಿಗೆ ಅಲ್ಲ.

ಪಂಚಾಯತನ್ನು ಮರೆಯಬೇಡಿ. ಕೇರಳದ ಗ್ರಾಮ ಪಂಚಾಯತುಗಳು ವಿಕಲಚೇತನ ಮಕ್ಕಳಿಗೆ ಪ್ಲಾನ್ ಫಂಡಿನಿಂದ ಸ್ಕಾಲರ್‌ಶಿಪ್ ಕೊಡುತ್ತವೆ. ಗ್ರಾಮಸಭೆಯಲ್ಲಿ ಫಲಾನುಭವಿ ಪಟ್ಟಿ ಮಾಡುವ ದಿನ ಹೋಗಿ ಹೆಸರು ಬರೆಸಬೇಕು. ಆ ಫಾರ್ಮುಗಳು ಅಂಗನವಾಡಿಯಲ್ಲಿ ಸಿಗುತ್ತವೆ. ಮಗು ಸಣ್ಣದಿದ್ದಾಗ ಅಂಗನವಾಡಿ ಟೀಚರಿನ ಹತ್ತಿರ ಹೋಗುತ್ತಿದ್ದವರು, ಅದು ಪ್ಲಸ್ ಟುಗೆ ಬಂದ ಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಫೋನು ಮಾಡಿ ಕೇಳಿ. ವಾರ್ಡ್ ಮೆಂಬರಿಗೂ ಹೇಳಿಡಿ.

ಕಾಗದದ ಕೆಲಸಕ್ಕೆ ಬರುತ್ತೇನೆ. ನಮ್ಮ ಕಡೆಯವರ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಅರ್ಹತೆ ಇಲ್ಲದೆ ಅಲ್ಲ, ಹೆಸರು ಹೊಂದದೆ. ನಿಮ್ಮ ಮಗಳ ಹೆಸರು ಶ್ರೀವಿದ್ಯಾ ಅಂತ ಇಟ್ಟುಕೊಳ್ಳಿ. ಆಧಾರ್ ಮಾಡಿಸಿದಾಗ ಕನ್ನಡದವರ ಅಭ್ಯಾಸದಂತೆ ಇಂಗ್ಲಿಷಿನಲ್ಲಿ ಎಸ್ ಎಚ್ ಆರ್ ಐ ಅಂತ ಬರೆದಿರುತ್ತೀರಿ. ಶಾಲೆಯ ದಾಖಲೆಯಲ್ಲಿ ಟೀಚರ್ ಮಲಯಾಳದವರ ಅಭ್ಯಾಸದಂತೆ ಎಸ್ ಆರ್ ಇ ಇ ಬರೆದಿರುತ್ತಾರೆ. ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಯುಡಿಐಡಿಯಲ್ಲಿ ಇನಿಶಿಯಲ್ಲೇ ಇಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು ಸೇರಿಕೊಂಡಿದೆ. ನಮಗೆ ನಾಲ್ಕೂ ಒಬ್ಬಳೇ ಹುಡುಗಿ. ಕಂಪ್ಯೂಟರಿಗೆ ನಾಲ್ಕು ಜನ. ಎಸ್‌ಎಸ್‌ಎಲ್‌ಸಿ ಬುಕ್ಕಿನಲ್ಲಿ ಹೇಗಿದೆಯೋ ಅದನ್ನೇ ಮೂಲ ಅಂತ ಹಿಡಿದು ಉಳಿದ ಮೂರನ್ನೂ ಅದಕ್ಕೆ ಸರಿ ಮಾಡಿಸಿ. ಪ್ಲಸ್ ಟು ಪರೀಕ್ಷೆಗೆ ಮೊದಲೇ ಈ ಕೆಲಸ ಮುಗಿಸಿ. ಜೂನ್ ತಿಂಗಳಲ್ಲಿ ಅಕ್ಷಯದ ಎದುರು ಕಾಲಿಡಲಿಕ್ಕೆ ಜಾಗ ಇರುವುದಿಲ್ಲ.

ಕೇಂದ್ರದ ಸ್ಕಾಲರ್‌ಶಿಪ್ಪುಗಳಿಗೆಲ್ಲ ಅರ್ಜಿ ಹಾಕುವುದು ಎನ್‌ಎಸ್‌ಪಿಯಲ್ಲಿ, ಅಂದರೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ. ಮೊದಲು ಒಟಿಆರ್ ಎಂಬ ಒಂದು ಸಲದ ನೋಂದಣಿ, ಆಧಾರ್ ಮೇಲೆ. ಅದರ ನಂಬರನ್ನು ಬರೆದಿಟ್ಟುಕೊಳ್ಳಿ. ಡಿಗ್ರಿ ಮುಗಿಯುವ ತನಕ ಅದೇ ಬೇಕು. ಫೋನ್ ನಂಬರ್ ಮಗಳದ್ದೋ ನಿಮ್ಮದೋ ಕೊಡಿ, ಅಕ್ಷಯದ ಹುಡುಗನದ್ದು ಬೇಡ. ಒಟಿಪಿ ಅವನಿಗೆ ಹೋದರೆ ಮುಂದಿನ ವರ್ಷ ಅವನನ್ನು ಹುಡುಕಬೇಕು. ಆದಾಯ ಪ್ರಮಾಣಪತ್ರ ವಿಲ್ಲೇಜ್ ಆಫೀಸಿನಿಂದ. ಅರ್ಜಿಯಲ್ಲಿ ತೋಟದ ಆದಾಯ, ಕೂಲಿ ಎರಡನ್ನೂ ನಿಜವಾಗಿ ಹೇಳಿ. ಫಾರ್ಮು ಮಲಯಾಳದಲ್ಲೇ ಇದೆ, ಓದಲು ಬರುವುದಿಲ್ಲ ಅಂತ ಹಿಂದೆ ಬರಬೇಡಿ. ಕೇರಳದ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಅವಕಾಶ ಕೊಟ್ಟಿದೆ. ಮನವಿಯನ್ನು ಕನ್ನಡದಲ್ಲಿ ಬರೆದು ಕೊಡಿ.

ಅರ್ಜಿ ಸಬ್ಮಿಟ್ ಆದ ಕೂಡಲೇ ಕೆಲಸ ಮುಗಿಯಿತು ಅಂತ ತಿಳಿಯುತ್ತಾರೆ ಜನ. ಮುಗಿಯಲಿಲ್ಲ. ಅದು ಮೊದಲು ಕಾಲೇಜಿನ ಲಾಗಿನ್ನಿಗೆ ಹೋಗುತ್ತದೆ. ಅಲ್ಲಿ ನೋಡಲ್ ಆಫೀಸರ್ ವೆರಿಫೈ ಮಾಡದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ನೂರಾರು ಅರ್ಜಿಗಳ ನಡುವೆ ವಿಕಲಚೇತನರದ್ದು ಒಂದೋ ಎರಡೋ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪ್ರಿಂಟೌಟ್ ತೆಗೆದು, ಯುಡಿಐಡಿಯ ಪ್ರತಿ ಜೋಡಿಸಿ, ಆಫೀಸಿನಲ್ಲಿ ಯಾರು ನೋಡುತ್ತಾರೋ ಅವರ ಕೈಗೇ ಕೊಡಬೇಕು. ವಾರ ಬಿಟ್ಟು ಸ್ಟೇಟಸ್ ನೋಡಬೇಕು. ಈ ಕೆಲಸವನ್ನು ನೀವಲ್ಲ, ಮಗಳೇ ಮಾಡಲಿ. ಕೌಂಟರಿನ ಗದ್ದಲದಲ್ಲಿ ಗ್ಲಾಸಿನ ಹಿಂದೆ ಕೂತವರ ಮಾತು ಕೇಳುವುದು ಇಂಪ್ಲಾಂಟ್ ಇರುವವರಿಗೆ ಕಷ್ಟವೇ. "ನನಗೆ ಕೇಳುವ ಮಷಿನ್ ಇದೆ, ಸ್ವಲ್ಪ ನಿಧಾನ ಹೇಳಿ" ಅಂತ ಹೇಳುವ ಅಭ್ಯಾಸ ಈಗಲೇ ಆಗಬೇಕು. ನಾಳೆ ಬ್ಯಾಂಕಿನಲ್ಲಿ, ಇಂಟರ್‌ವ್ಯೂನಲ್ಲಿ ಅದೇ ಮಾತು ಬೇಕಾಗುತ್ತದೆ.

ಈಗ ಮಂಗಳೂರೋ ಕಾಸರಗೋಡೋ ಎಂಬುದು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿಯೇ ಇದೆ.

ಹಣದ ಲೆಕ್ಕ ಮೊದಲು. ಅದೇ 2016ರ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವವರಿಗೆ. ವಯಸ್ಸಿನ ಮಿತಿಯಲ್ಲೂ 5 ವರ್ಷದ ಸಡಿಲಿಕೆ ಇದೆ. ಅನುದಾನ ಇಲ್ಲದ ಖಾಸಗಿ ಕಾಲೇಜಿಗೆ ಈ ಸೆಕ್ಷನ್ ತಾಗುವುದಿಲ್ಲ. ವಿದ್ಯಾನಗರದ ಕಾಸರಗೋಡು ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು, ಎರಡರಲ್ಲೂ ಫೀಸು ಕಡಿಮೆ. ಕಣ್ಣೂರು ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಭಿನ್ನಶೇಷಿ (ಮಲಯಾಳದಲ್ಲಿ ವಿಕಲಚೇತನ ಅಂತ ಅರ್ಥ) ಎಂಬ ಕಾಲಂ ತುಂಬಲು ಮರೆಯಬೇಡಿ. ಮಾರ್ಕು ಚೆನ್ನಾಗಿದೆ, ಜನರಲ್‌ನಲ್ಲೇ ಸಿಗುತ್ತದೆ ಅಂತ ಬಿಡುವುದೂ ಬೇಡ. ಮಂಗಳೂರಿನಲ್ಲಿ ಸೇರಿದರೂ ಅವಳು ಕೇರಳದ ನಿವಾಸಿಯೇ. ಕರ್ನಾಟಕ ಸರಕಾರ ತನ್ನ ವಿಕಲಚೇತನ ವಿದ್ಯಾರ್ಥಿಗಳಿಗೆ ಕೊಡುವ ಸ್ಕಾಲರ್‌ಶಿಪ್ ಅಲ್ಲಿನ ನಿವಾಸಿಗಳಿಗೆ. "ನಾವು ಗಡಿನಾಡು ಕನ್ನಡಿಗರಲ್ವಾ, ನಮಗೂ ಉಂಟು" ಅಂತ ಕೆಲವರು ಹೇಳುವುದು ಕೇಳಿದ್ದೇನೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗದವರಿಗೆ ಗಡಿನಾಡು ಅಂತ ಇರುವುದು ಕರ್ನಾಟಕದ ಸಿಇಟಿ ಸೀಟಿನ ಅರ್ಹತೆ. ಸೀಟು ಬೇರೆ, ಹಣ ಬೇರೆ. ಎನ್‌ಎಸ್‌ಪಿಯಲ್ಲೂ ವಾಸದ ರಾಜ್ಯ ಕೇರಳ ಅಂತಲೇ ಹಾಕಬೇಕು, ಕಾಲೇಜು ಮಾತ್ರ ಕರ್ನಾಟಕದ್ದು.

ಆದರೆ ಹಣ ಒಂದೇ ಅಲ್ಲ. ಇಂಪ್ಲಾಂಟ್ ಇರುವ ಮಕ್ಕಳಿಗೆ ಭಾಷೆಯ ಪ್ರಶ್ನೆ ಎಲ್ಲರಿಗಿಂತ ದೊಡ್ಡದು. ನಿಮ್ಮ ಮಗಳ ಕಿವಿ ತರಬೇತಾದದ್ದು ಕನ್ನಡದಲ್ಲಿ. ಮನೆಯಲ್ಲಿ ತುಳುವೋ ಹವಿಗನ್ನಡವೋ ಕೊಂಕಣಿಯೋ ಇದ್ದರೆ ಅದೂ ಸೇರಿತು. ಪುಸ್ತಕ ಇಂಗ್ಲಿಷ್, ಅದು ಕಣ್ಣಿನ ಕೆಲಸ, ತೊಂದರೆಯಿಲ್ಲ. ತೊಂದರೆ ಆಗುವುದು ಪಾಠದ ನಡುವೆ ಮೇಷ್ಟ್ರು ಮಲಯಾಳಕ್ಕೆ ಹೊರಳಿದಾಗ. ಬೇರೆ ಮಕ್ಕಳು ಅರ್ಧಂಬರ್ಧ ಮಲಯಾಳದಲ್ಲೂ ಸಂಭಾಳಿಸುತ್ತಾರೆ. ಇವಳು ಕೇಳಿದ ಅರ್ಧ ಸದ್ದನ್ನು ಊಹೆಯಿಂದ ತುಂಬಿಸಿಕೊಳ್ಳುವವಳು. ಗೊತ್ತಿರುವ ಭಾಷೆಯಲ್ಲಿ ಆ ಊಹೆ ಸರಿಯಾಗುತ್ತದೆ, ಗೊತ್ತಿಲ್ಲದ್ದರಲ್ಲಿ ತಪ್ಪುತ್ತದೆ. ಮೇಲೆ ಫ್ಯಾನು ಗಡಗಡ, ಮಾಡಿನ ಮೇಲೆ ಮಳೆ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡುತ್ತಾರೆ. ಅಷ್ಟಾದರೆ ಮುಗಿಯಿತು, ಅವಳು ಸುಮ್ನೆ ನೋಟ್ಸ್ ಕಾಪಿ ಮಾಡುತ್ತಾ ಕೂರುತ್ತಾಳೆ. ಮನೆಗೆ ಬಂದು ಏನೂ ಹೇಳುವುದಿಲ್ಲ. ಮಾರ್ಕು ಬಿದ್ದ ಮೇಲೆಯೇ ನಿಮಗೆ ಗೊತ್ತಾಗುವುದು. ಈ ಒಂದು ಕಾರಣಕ್ಕೆ ಮಂಗಳೂರು ಒಳ್ಳೆಯದು ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಮಂಗಳೂರಿನ ಕ್ಲಾಸಿನಲ್ಲಿ ಎಷ್ಟು ಕನ್ನಡ ಕೇಳಿಸುತ್ತದೆ, ಎಷ್ಟು ಬರೀ ವೇಗದ ಇಂಗ್ಲಿಷ್ ಎಂಬುದೂ ಪ್ರಶ್ನೆಯೇ.

ಅಡ್ಮಿಷನ್ನಿಗೆ ಮೊದಲು ಎರಡೂ ಕಡೆ ಹೋಗಿ, ಡಿಪಾರ್ಟ್‌ಮೆಂಟಿನ ಮುಖ್ಯಸ್ಥರನ್ನು ಭೇಟಿಯಾಗಿ. ಪಾಠ ಯಾವ ಭಾಷೆಯಲ್ಲಿ ವಿವರಿಸುತ್ತೀರಿ, ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಮುಂದಿನ ಬೆಂಚು ಖಾಯಂ ಕೊಡುತ್ತೀರಾ, ಮೇಷ್ಟ್ರು ಕತ್ತಿಗೆ ಒಂದು ಸಣ್ಣ ವೈರ್‌ಲೆಸ್ ಮೈಕ್ ಹಾಕಿಕೊಳ್ಳಲು ಒಪ್ಪುತ್ತಾರಾ, ಇಷ್ಟು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ. ನನ್ನನ್ನು ಕೇಳಿದರೆ, ಕನ್ನಡ ಬಲ್ಲ ಅಧ್ಯಾಪಕರು ಸಿಗುವ ಸರಕಾರಿ ಕಾಲೇಜು ಮೊದಲು. ಅಲ್ಲಿ ಉಳಿದ ಫೀಸಿನ ಹಣಕ್ಕೆ ಬೇರೆ ಕೆಲಸ ಇದೆ.

ತಿರುವನಂತಪುರದ ನಿಷ್ ಎಂಬ ವಾಕ್ ಮತ್ತು ಶ್ರವಣ ಸಂಸ್ಥೆಯ ಬಗ್ಗೆಯೂ ನಿಮಗೆ ಯಾರಾದರೂ ಹೇಳಿರಬಹುದು. ಅಲ್ಲಿ ಶ್ರವಣದೋಷ ಇರುವವರಿಗೆಂದೇ ಬಿ.ಕಾಂ, ಕಂಪ್ಯೂಟರ್ ಸಯನ್ಸ್, ಫೈನ್ ಆರ್ಟ್ಸ್ ಡಿಗ್ರಿಗಳಿವೆ. ಸನ್ನೆ ಭಾಷೆಯಲ್ಲಿ ಕಲಿಯುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಹತ್ತಿರ ಇಲ್ಲ. ಕೇಳಿ ಮಾತಾಡಿ ಕಲಿತ ನಿಮ್ಮ ಮಗಳಿಗೆ ಅದೇ ಬೇಕು ಅಂತಿಲ್ಲ. ಆದರೆ ಒಮ್ಮೆ ನೋಡಿಕೊಂಡು ಬಂದರೆ ನಷ್ಟವಿಲ್ಲ. ತನ್ನ ಹಾಗೆ ಮಷಿನ್ ಹಾಕಿಕೊಂಡ ಹತ್ತಾರು ಜನರನ್ನು ಒಟ್ಟಿಗೆ ನೋಡುವುದೇ ಈ ವಯಸ್ಸಿನಲ್ಲಿ ಒಂದು ಧೈರ್ಯ.

ಬೇರೆ ಕೆಲಸ ಇದೆ ಎಂದೆನಲ್ಲ, ಅದು ಪ್ರೊಸೆಸರ್. ಮೇಲೆ ಹೇಳಿದ ಯಾವ ಸ್ಕಾಲರ್‌ಶಿಪ್ಪೂ ಇದರ ಹೆಸರಲ್ಲಿ ಒಂದು ರೂಪಾಯಿ ಕೊಡುವುದಿಲ್ಲ. ಶ್ರುತಿತರಂಗಂ ಶುರುವಾದದ್ದು 2012ರಲ್ಲಿ. ಆಗ ಎರಡು ಮೂರು ವರ್ಷದವರಾಗಿದ್ದ ಮೊದಲ ತಂಡದ ಮಕ್ಕಳೇ ಈಗ ಕಾಲೇಜು ಬಾಗಿಲಿಗೆ ಬರುತ್ತಿರುವುದು. ಚರ್ಮದ ಒಳಗಿನ ಭಾಗ ದಶಕಗಟ್ಟಲೆ ಬಾಳುತ್ತದೆ. ಹೊರಗಿನ ಪ್ರೊಸೆಸರ್ ಹಾಗಲ್ಲ. ಕೆಲವು ವರ್ಷಕ್ಕೆ ಕಂಪನಿ ಆ ಮಾಡೆಲನ್ನೇ ನಿಲ್ಲಿಸುತ್ತದೆ, ಆಮೇಲೆ ಬಿಡಿಭಾಗ ಸಿಗುವುದಿಲ್ಲ. ಹೊಸದಕ್ಕೆ ಲಕ್ಷಗಳ ಮಾತು. ಡಿಗ್ರಿಯ ಎರಡನೇ ವರ್ಷ, ಸೆಮಿಸ್ಟರ್ ಪರೀಕ್ಷೆಯ ಹಿಂದಿನ ವಾರ ಪ್ರೊಸೆಸರ್ ಕೈಕೊಟ್ಟರೆ ಏನು ಗತಿ? ಮಗಳದ್ದು ಯಾವ ಮಾಡೆಲ್, ಅದರ ಸರ್ವಿಸ್ ಎಂದಿನ ತನಕ, ಇದನ್ನು ಮ್ಯಾಪಿಂಗ್, ಅಂದರೆ ಮಷಿನ್ನಿನ ಸದ್ದನ್ನು ಕಿವಿಗೆ ಹೊಂದಿಸುವ ಕೆಲಸ, ಮಾಡುವವರ ಹತ್ತಿರ ಈಗಲೇ ಕೇಳಿ ಬರೆಸಿಕೊಳ್ಳಿ. ಯೋಜನೆ ಈಗ ಆರೋಗ್ಯ ಇಲಾಖೆಯ ಸ್ಟೇಟ್ ಹೆಲ್ತ್ ಏಜೆನ್ಸಿಯ ಕೈಯಲ್ಲಿದೆ. ರಿಪೇರಿ, ಅಪ್‌ಗ್ರೇಡಿನ ಮನವಿಯನ್ನು ಆಪರೇಷನ್ ಆದ ಆಸ್ಪತ್ರೆಯ ಮೂಲಕ ಕೊಡಿ. ಹಾಳಾದ ಮೇಲೆ ಅಲ್ಲ, ಹಾಳಾಗುವ ಮೊದಲು ಕೊಡಿ. ಅರ್ಜಿ ಓಡಾಡಲಿಕ್ಕೂ ಸಮಯ ಬೇಕಲ್ಲ.

ಅಷ್ಟರ ತನಕ ಇರುವುದನ್ನು ಕಾಪಾಡಿಕೊಳ್ಳಬೇಕು. ನಮ್ಮ ಜೂನ್ ಜುಲೈ ಪ್ರೊಸೆಸರಿಗೆ ಶತ್ರು. ಬಸ್ಸಿಗೆ ಓಡಿ, ಒದ್ದೆ ಜಡೆಯಲ್ಲಿ ಕಾಲೇಜಿಗೆ ತಲುಪುವ ಹುಡುಗಿಯರ ಕಾಯಿಲ್ ಕೇಬಲ್ಲನ್ನು, ಅಂದರೆ ಪ್ರೊಸೆಸರಿನಿಂದ ತಲೆಗೆ ಅಂಟುವ ಬಿಲ್ಲೆಗೆ ಹೋಗುವ ವಯರನ್ನು, ನೋಡಬೇಕು ನೀವು. ಪಿನ್ನಿನ ಹತ್ತಿರ ಹಸಿರು ಕಿಲುಬು ಹಿಡಿದಿರುತ್ತದೆ, ತಿರುಚಿದ ಜಾಗದಲ್ಲಿ ವಯರು ಒಳಗೇ ತುಂಡಾಗಿರುತ್ತದೆ. ಸದ್ದು ಬಂದು ಬಂದು ಹೋಗುತ್ತದೆ. ಮಕ್ಕಳು ಅದನ್ನು ಯಾರಿಗೂ ಹೇಳದೆ ತಲೆ ಓರೆ ಮಾಡಿ ಕೂತು ಸುಧಾರಿಸುತ್ತಾರೆ. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುವುದು ಕಡ್ಡಾಯ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿತು ಅಂತ, ಬದಲಾಯಿಸಿ. ಬ್ಯಾಗಿನಲ್ಲಿ ಒಂದು ಹೆಚ್ಚುವರಿ ಕೇಬಲ್, ಒಂದು ಸೆಟ್ ಬ್ಯಾಟರಿ ಯಾವಾಗಲೂ ಇರಲಿ. ಪೋಸ್ಟ್ ಮೆಟ್ರಿಕ್ಕಿನ ಹಣ ಕೈಗೆ ಬಂದಾಗ ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೆ, ಹೊಸ ಫೋನಿಗಲ್ಲ. ಮಗಳಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ನಾನು ಹೇಳಿದೆ ಅಂತಲೇ ಹೇಳಿ.

ಹಣ ಸಾಲದೆ ಬಂದರೆ ಎನ್‌ಡಿಎಫ್‌ಡಿಸಿ ಎಂಬ ಕೇಂದ್ರ ನಿಗಮ ವಿಕಲಚೇತನರಿಗೆ ಕಡಿಮೆ ಬಡ್ಡಿಯಲ್ಲಿ ವಿದ್ಯಾಭ್ಯಾಸ ಸಾಲ ಕೊಡುತ್ತದೆ. ಕೇರಳದಲ್ಲಿ ವಿಕಲಚೇತನರ ಕಲ್ಯಾಣ ನಿಗಮದ ಮೂಲಕ ಅರ್ಜಿ. ಇದು ಕೊನೆಯ ದಾರಿ. ಮೊದಲು ಸ್ಕಾಲರ್‌ಶಿಪ್, ಆಮೇಲೆ ಪಂಚಾಯತು, ಆಮೇಲೆ ಸಾಲ.

ಇನ್ನೂ ಒಂದು ಸಣ್ಣ ವಿಷಯ. ಕೇರಳದಲ್ಲಿ 2024ರಿಂದ ಡಿಗ್ರಿ ನಾಲ್ಕು ವರ್ಷದ ವ್ಯವಸ್ಥೆಗೆ ಬಂದಿದೆ. ಬೇಕಿದ್ದರೆ ಮೂರು ವರ್ಷಕ್ಕೇ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು. ಸ್ಕಾಲರ್‌ಶಿಪ್ ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ವರ್ಷ ರಿನ್ಯೂವಲ್ ಹಾಕಬೇಕು, ಹಿಂದಿನ ವರ್ಷ ಪಾಸಾಗಿರಬೇಕು. ಮೊದಲ ವರ್ಷ ಉತ್ಸಾಹದಲ್ಲಿ ಹಾಕಿ, ಎರಡನೇ ವರ್ಷ ಮರೆತು ಕಳಕೊಂಡವರು ಬಹಳ ಜನ. ಬ್ಯಾಂಕ್ ಖಾತೆ ಮಗಳ ಹೆಸರಲ್ಲೇ ಇರಲಿ, ಅದಕ್ಕೆ ಆಧಾರ್ ಜೋಡಣೆ ಆಗಿರಲಿ. ಬ್ಯಾಂಕಿನಲ್ಲಿ "ಲಿಂಕ್ ಆಗಿದೆ" ಎಂದರೆ ಸಾಲದು, ಡಿಬಿಟಿ ಹಣ, ಅಂದರೆ ಸರಕಾರ ನೇರವಾಗಿ ಹಾಕುವ ಹಣ, ಈ ಖಾತೆಗೇ ಬರುವ ಹಾಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತ ಕೇಳಿ. ಹಳೆಯ ಜಾಯಿಂಟ್ ಖಾತೆಗೋ, ಮತ್ಯಾವುದೋ ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆಗೋ ಸೀಡಿಂಗ್ ಆಗಿದ್ದರೆ ಹಣ ಅಲ್ಲಿಗೆ ಹೋಗುತ್ತದೆ. ಇದರಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿ ಇದೆ. ಯುಡಿಐಡಿ, ಆದಾಯ ಪ್ರಮಾಣಪತ್ರ, ಅರ್ಜಿಯ ಪ್ರಿಂಟೌಟ್ ಮೂರನ್ನೂ ಹಿಡಿದುಕೊಂಡು ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ.